ತಂಡದ ನಾಲ್ಕನೆಯ ಜಾಗ

ಎಂಬತ್ತರ ದಶಕದ ಕೊನೆ. ಬ್ಯಾಡಗಿಯಲ್ಲಿ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯ ಮಾಳಿಗೆಯ ಮೇಲೆ ನಮ್ಮ ಚೆಸ್ ಕ್ಲಬ್ ಇತ್ತು. ನಾನು ಮೋಟೆಬೆನ್ನೂರಿನ ಶಾಲೆಯಲ್ಲಿ ಶಿಕ್ಷಕಿ; ಪಾಠ ಮುಗಿಸಿ, ಬಸ್ ಹಿಡಿದು ಬಂದು ಆಡುತ್ತಿದ್ದೆ. ಅಲ್ಲಿ ಹೆಂಗಸು ನಾನೊಬ್ಬಳೇ. ನನ್ನನ್ನು ಕರೆದುಕೊಂಡು ಹೋದವರು ನಮ್ಮ ಶಾಲೆಯ ಗಣಿತದ ಮಾಸ್ತರು. ಆಟ ಕಲಿಸಿದವರೂ ಅವರೇ. ಅವರನ್ನು ಒಡಹುಟ್ಟಿದವರಿಗಿಂತ ಹೆಚ್ಚಾಗಿ ನಂಬಿದ್ದೆ.

ಆ ವರ್ಷ ಹಾವೇರಿಯ ಪಂದ್ಯಕ್ಕೆ ನಾಲ್ವರ ತಂಡ ಹೋಗಬೇಕಿತ್ತು. ಮೂವರು ಆಯ್ಕೆಯಾಗಿದ್ದರು. ಉಳಿದ ಜಾಗಕ್ಕೆ ಮಾಸ್ತರೂ ನಾನೂ ಆಡಿ ತೀರ್ಮಾನಿಸಬೇಕೆಂದು ಕ್ಲಬ್ಬಿನ ಹಿರಿಯರು ಹೇಳಿದರು.

ಭಾನುವಾರ ಮಧ್ಯಾಹ್ನ ಆಡಲು ಕುಳಿತೆವು. ಕೆಳಗೆ ಮೆಣಸಿನಕಾಯಿ ಸುರಿಯುತ್ತಿದ್ದರು. ಘಾಟಿಗೆ ಕೆಮ್ಮುತ್ತ ನೋಡುವವರೆಲ್ಲ ಚಹಾಕ್ಕೆಂದು ಎದ್ದುಹೋದರು. ಆಗ ನನ್ನ ಪ್ಯಾದೆಯೊಂದು ಮಂತ್ರಿಯಾಗಲು ಎರಡೇ ಮನೆ ಬಾಕಿ ಇತ್ತು. ಅವರ ಆನೆ ಬೋರ್ಡಿನ ಆಚೆ ಮೂಲೆಯಲ್ಲಿ ಸಿಕ್ಕಿಕೊಂಡಿತ್ತು, ಅದನ್ನು ತಡೆಯಲು ಬರುವಂತಿರಲಿಲ್ಲ. ಬಹಳ ಹೊತ್ತು ನೋಡಿ ಅವರು ದನಿ ತಗ್ಗಿಸಿದರು.

"ತಂಗಿ, ಡ್ರಾ ಮಾಡಿಬಿಡೂಣು. ನಿನ್ನ ಕೈಲೆ ಸೋತೆ ಅಂದ್ರ ಈ ಮಂದಿ ನನ್ನ ಸುಮ್ನ ಬಿಡಂಗಿಲ್ಲ."

"ಹಂಗಾದ್ರ ಹಾವೇರಿಗೆ ಯಾರು ಹೋಗೂದ್ರಿ ಅಣ್ಣಾರ?"

"ನೀನ ಹೋಗು. ಆಕೀನ್ನ ಕಳಸ್ರಿ ಅಂತ ನಾನ ಹೇಳ್ತೇನಿ. ನನ್ನ ಮ್ಯಾಲ ನಂಬಿಕಿ ಇಲ್ಲೇನು?"

ನಾನು ಒಪ್ಪಿದೆ. ಅವರು ಲಗುಬಗೆಯಿಂದ ಕಾಯಿಗಳನ್ನೆಲ್ಲ ಡಬ್ಬಿಗೆ ತುಂಬಿದರು.

ಮುಂದಿನ ಸಲ ಹೋದಾಗ ಹಿರಿಯರು ಕರುಣೆಯಿಂದಲೇ ಮಾತಾಡಿದರು. "ಬ್ಯಾಸರ ಮಾಡ್ಕೋಬ್ಯಾಡ್ರಿ ಅಕ್ಕಾರ. ಈ ಸಲ ಮಾಸ್ತರ ಹೋಗ್ಲಿ. ಅವರು ಗೆಲ್ಲೂ ಆಟ ಇತ್ತಂತ, ನಿಮ್ಮ ಕಣ್ಣಾಗ ನೀರು ನೋಡಿ ಡ್ರಾ ಕೊಟ್ರಂತಲ್ಲ."

ಮಾಸ್ತರು ಅಲ್ಲೇ ಕಿಟಕಿಯ ಬಳಿ ಕುಳಿತಿದ್ದರು. ತಲೆ ಎತ್ತಲಿಲ್ಲ. ನಾನು ಒಂದು ಬೋರ್ಡು ಎಳೆದುಕೊಂಡು, ಭಾನುವಾರ ಕಾಯಿಗಳು ಹೇಗಿದ್ದವೋ ಹಾಗೇ ಇಟ್ಟೆ.

"ಪಾಳಿ ನಿಮ್ದ ಇತ್ತು ಅಣ್ಣಾರ. ಆಡ್ರಿ."

ಎಲ್ಲರೂ ಸುತ್ತ ನೆರೆದರು. ಮಾಸ್ತರು ಎದ್ದು ಬಂದು ನೋಡಿ ಮೆಲ್ಲಗೆ ನಕ್ಕರು. "ಮರ್ತೀಯೇನವಾ ತಂಗಿ? ಈ ಆನಿ ಇಲ್ಲಿತ್ತು" ಎಂದು ತಮ್ಮ ಆನೆಯನ್ನೆತ್ತಿ ನನ್ನ ಪ್ಯಾದೆಗೆ ಅಡ್ಡ ಇಟ್ಟರು. ನನಗೆ ಆಟ ಕಲಿಸುವಾಗ ಇದ್ದ ಅದೇ ತಾಳ್ಮೆಯ ದನಿ. ಹೌದು ಹೌದು ಎಂದು ಉಳಿದವರು ತಲೆಯಾಡಿಸಿದರು. ಅವರಲ್ಲಿ ಯಾರೂ ಆ ಹೊತ್ತಿನಲ್ಲಿ ಅಲ್ಲಿರಲಿಲ್ಲ. ನಾನು ಮಾತಾಡಲು ಹೋದರೆ ಅಳು ಬರುತ್ತಿತ್ತು, ಅತ್ತರೆ ಅವರ ಮಾತೇ ನಿಜವಾಗುತ್ತಿತ್ತು. ಚೀಲ ತೆಗೆದುಕೊಂಡು ಮೆಟ್ಟಿಲಿಳಿದೆ.

ಹಾವೇರಿಯಿಂದ ಬಂದ ಮೇಲೆ ಮಾಸ್ತರು ಸ್ಟಾಫ್ ರೂಮಿನಲ್ಲಿ ಅಲ್ಲಿಯ ಆಟಗಳನ್ನು ಬಣ್ಣಿಸುತ್ತಿದ್ದರೆ, ನಾನು ಹೊರಗಿನ ಕಟ್ಟೆಗೆ ಹೋಗಿ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಕ್ಲಬ್ಬಿನ ಮೆಟ್ಟಿಲು ಮತ್ತೆ ಹತ್ತಲಿಲ್ಲ. ಆ ಆಟ ನಿಜವಾಗಿ ಸೋತಿದ್ದರೆ ಮರುವಾರವೇ ಮತ್ತೆ ಆಡಲು ಹೋಗುತ್ತಿದ್ದೆ.