ಮೊದಲು ಲೀಡರ್ ಹತ್ತಿರ ಮಾತಾಡಿ

ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನ ಹಿಂದೆ ಒಂದು ಮಹಡಿ ಕೋಣೆ. ಅಲ್ಲಿ ಒಂದು ಭಾನುವಾರ ನಾನು ಹದಿನಾಲ್ಕು ಹೆಂಗಸರಿಗೆ ಸಂಘ ಕಟ್ಟುವುದನ್ನು ಕಲಿಸಿದೆ. ಎಲ್ಲರೂ ಬಂಗಾರಪೇಟೆ ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವರು. ನಾನು ಬೇರೊಂದು ಗಾರ್ಮೆಂಟ್ಸ್‌ನಲ್ಲಿ ಹೊಲಿದು ಹೊಲಿದು ಕಣ್ಣು ಮಂಜಾದವಳು. ಯೂನಿಯನ್ನಿನವರು ನನ್ನನ್ನು ಎರಡು ದಿನ ತರಬೇತಿಗೆ ಕೂರಿಸಿ, ಮುಂದಿನ ಭಾನುವಾರ ನೀವೇ ಕಲಿಸಿ ಎಂದಿದ್ದರು. ವಾರವೆಲ್ಲ ನನಗೆ ನಿದ್ದೆಯಿಲ್ಲ. ಕುರ್ಚಿ ಸಾಲದಿದ್ದರೆ? ಕರೆಂಟು ಹೋದರೆ? ಯಾರಾದರೂ ಕಾನೂನು ಕೇಳಿಬಿಟ್ಟರೆ? ಮುಖ್ಯವಾದ ಒಂದನ್ನು ಬಿಟ್ಟು ಉಳಿದೆಲ್ಲದಕ್ಕೂ ಚಿಂತೆ ಮಾಡಿ ಮುಗಿಸಿದ್ದೆ.

"ಎಲ್ಲರ ಹತ್ತಿರ ಒಟ್ಟಿಗೆ ಬಾಯಿ ಬಿಡಬೇಡಿ," ಎಂದು ಕಲಿತದ್ದನ್ನು ಪಾಠದಂತೆ ಒಪ್ಪಿಸಿದೆ. "ಹೊಲಿಗೆ ಮಿಷನ್ನುಗಳ ಪ್ರತಿ ಲೈನಿನಲ್ಲೂ ಒಬ್ಬರು ಲೀಡರ್ ಇರುತ್ತಾರೆ. ಅವರ ಮಾತನ್ನು ಉಳಿದವರು ಕೇಳುತ್ತಾರೆ. ಮೊದಲು ಅವರ ಹತ್ತಿರ ಮನಸ್ಸು ಬಿಚ್ಚಿ ಮಾತಾಡಿ."

"ನಮ್ ಲೀಡ್ರು ಬಾಯ್ ಬಿಟ್ರೆ ಬರೀ ಬೈಗುಳಾನೇ ಕಣಕ್ಕಾ," ಎಂದಳು ಹಿಂದೆ ಕೂತಿದ್ದವಳು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಗಲೇ ನನಗೆ ಹೊಳೆಯಬೇಕಿತ್ತು. ನಾನು ಹೇಳಿದ್ದು, ಕಷ್ಟ ಬಂದಾಗ ಹೆಂಗಸರೆಲ್ಲ ಯಾರ ಮುಖ ನೋಡುತ್ತಾರೋ ಅಂಥವಳ ವಿಷಯ. ಅವರ ಫ್ಯಾಕ್ಟರಿಯಲ್ಲಿ ಲೀಡರ್ ಎಂದರೆ ಲೈನ್ ಲೀಡರ್, ಪೀಸು ತಡವಾದರೆ ಕೂಗಾಡಲು ಕಂಪನಿಯೇ ಇಟ್ಟಿರುವ ಗಂಡಸು. ನಮ್ಮಲ್ಲಿ ಅವನನ್ನು ಸೂಪರ್‌ವೈಜರ್ ಅನ್ನುತ್ತೇವೆ.

ಕ್ಯಾಸಂಬಳ್ಳಿ ಕಡೆಯವಳೊಬ್ಬಳು ಮಾತ್ರ ನಗದೆ, ನನ್ನ ಒಂದೊಂದು ಮಾತನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅವಳನ್ನು ನೋಡಿ ನನಗೆ ನನ್ನ ಮೇಲೇ ಹೆಮ್ಮೆ ಬಂತು. ಸೋಮವಾರ ಊಟದ ಬಿಡುವಿನಲ್ಲಿ ಅವಳು ಲೈನ್ ಲೀಡರ್ ಹತ್ತಿರ ಹೋಗಿ, ಸಂಘ ಕಟ್ಟೋಣ ಎಂದಳು. ಮಂಗಳವಾರ ಗೇಟಿನಲ್ಲೇ ಅವಳ ಕಾರ್ಡು ಕಿತ್ತುಕೊಂಡು ವಾಪಸು ಕಳಿಸಿದರು.

ಆ ಸಂಜೆ ನಾನು ಕೆಲಸದಿಂದ ಬರುವಷ್ಟರಲ್ಲಿ ಕೋರಮಂಡಲ್‌ನ ನಮ್ಮ ಮನೆ ಬಾಗಿಲಲ್ಲಿ ಕೂತಿದ್ದಳು. ಅಳುತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ. ಅಳುತ್ತಿರಲಿಲ್ಲ.

"ನೀವ್ ಯೇಳ್ದಂಗೇ ಮಾಡ್ದೆ ಅಕ್ಕಾ. ಎಲ್ ತಪ್ಪಾಯ್ತು?"

"ಯಾವ ಲೀಡ್ರು ಅತ್ರ ಓದೆ ನೀನು?"

"ಇರೋದು ಒಬ್ನೇ ಅಲ್ವಾ?"

ತೊದಲುತ್ತಾ, ಆ ಮಾತಿಗೆ ನಾನು ಇಟ್ಟುಕೊಂಡಿದ್ದ ಅರ್ಥವನ್ನು ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

"ಓ, ಅಂಗಾ," ಎಂದಳು. "ಅಂಗಾದ್ರೆ ನಮ್ ಲೈನಾಗೆ ಅದು ನಾನೇ ಕಣಕ್ಕಾ. ರಜಾ ಬೇಕಾದ್ರೂ, ಜಗಳ ಆದ್ರೂ, ಎಲ್ರೂ ನನ್ ಅತ್ರಾನೇ ಬರೋದು."

ಯೂನಿಯನ್ನಿನವರು ಕಂಪನಿಗೆ ಪತ್ರ ಬರೆದರು. ಉತ್ತರ ಬರಲಿಲ್ಲ. ನಾನು ಒಂದು ದಿನ ರಜೆ ಹಾಕಿ ಆ ಗೇಟಿನ ಮುಂದೆ ನಿಂತೆ. ತರಬೇತಿಗೆ ಬಂದಿದ್ದ ಉಳಿದ ಹದಿಮೂರು ಮಂದಿಯೂ ಸೆರಗು ಎಳೆದುಕೊಂಡು, ನನ್ನನ್ನು ಕಂಡೂ ಕಾಣದವರಂತೆ ಒಳಗೆ ಹೋದರು. ಅವರನ್ನು ತಡೆದು ನಿಲ್ಲಿಸಬಲ್ಲವಳು ಒಬ್ಬಳೇ. ಆ ಹೊತ್ತಿಗೆ ಅವಳು ಯಾರದೋ ಟೊಮೇಟೊ ತೋಟದಲ್ಲಿ ಕೂಲಿಗೆ ಹೋಗಿದ್ದಳು.