ಭಾವನ ಮಾರು, ಅಕ್ಕನ ಮಾರು

ಯಂತ್ರ ಕಂಡರೆ ನನಗೆ ಸುಮ್ಮನಿರಲು ಆಗುವುದಿಲ್ಲ. ರಾಣೆಬೆನ್ನೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡ ಹೆಂಗಸಿಗೆ ಟ್ರ್ಯಾಕ್ಟರಿನ ಉಸಾಬರಿ ಯಾಕೆ ಎಂದು ಕೇಳುವವರು ಕೇಳಲಿ. ಹೋದ ವರ್ಷ ಅಕ್ಕ ಫೋನ್ ಮಾಡಿ, "ಮಷೀನ್ ನೋಡಾಕ ಹೋಗೂಣು, ಬರ್ತೀಯೇನ?" ಎಂದಾಗ ಅರ್ಧ ಹೊಲಿದ ರವಿಕೆಯನ್ನು ಅಲ್ಲೇ ಬಿಟ್ಟು ಎದ್ದೆ.

ಅಕ್ಕನ ಮನೆಯವರ ಹೊಲ ಕದರಮಂಡಲಗಿ ಹತ್ತಿರ. ಮದುವೆಯಾದ ಹೊಸದರಲ್ಲಿ ಅವಳು ಅದರ ಒಂದು ಮಗ್ಗುಲಿಗೆ ಸಾಗವಾನಿ ಸಸಿ ಹಚ್ಚಿದ್ದಳು. ಎರಡೂ ಕೈ ಚಾಚಿದರೆ ಒಂದು ಮಾರು. ಹಾಗೆ ಚಾಚಿ ಚಾಚಿಯೇ ಅಂತರ ಅಳೆದಿದ್ದಳು. ಈಗ ಅದು ಕಾಡಿನಂತೆ ಬೆಳೆದಿದೆ. ಸೊಟ್ಟ ಬೆಳೆದದ್ದನ್ನು, ಗಾಳಿಗೆ ಬಿದ್ದದ್ದನ್ನು ಹೊರಗೆಳೆದು ಉಳಿದವನ್ನು ಉಳಿಸಿಕೊಳ್ಳಬೇಕೆಂದು ಅಕ್ಕನ ಆಸೆ. ಆದರೆ ದಿಮ್ಮಿ ಎಳೆಯಲು ಎತ್ತಿಲ್ಲ, ಹೊರಲು ಆಳು ಸಿಗುವುದಿಲ್ಲ, ಅಕ್ಕ ಓಡಿಸುವ ಮನೆಯ ದೊಡ್ಡ ಟ್ರ್ಯಾಕ್ಟರ್ ಸಾಲಿನೊಳಗೆ ಹಿಡಿಸುವುದಿಲ್ಲ. ಭಾವನಿಗೆ ಇಡೀ ತೋಪನ್ನು ಕಟ್ಟಿಗೆ ವ್ಯಾಪಾರಿಗೆ ಕೊಟ್ಟುಬಿಡುವ ಆತುರ.

"ಮಷೀನು ಒಳಗ ಹೋಗಿ ದಿಮ್ಮಿ ತಂತಂದ್ರ ತೋಪ ಇರ್ಲಿ. ಇಲ್ಲಾಂದ್ರ ಮಾರು, ಕೈ ತೊಳ್ಕೊ" ಎಂದು ಷರತ್ತು ಹಾಕಿದ್ದರು.

ಯಂತ್ರದ ಅಂಗಡಿಯಲ್ಲಿ ನಮಗೆ ಒಪ್ಪುವಂಥವು ಎರಡಿದ್ದವು. ಒಂದು, ದಾಳಿಂಬೆ ಸಾಲುಗಳಲ್ಲಿ ಓಡಾಡುವ ಸಪೂರ ಟ್ರ್ಯಾಕ್ಟರ್. ಇನ್ನೊಂದು, ರಬ್ಬರ್ ಪಟ್ಟಿಗಳ ಮೇಲೆ ಹರಿದಾಡುವ ಗಿಡ್ಡ ಲೋಡರ್. ಅದಕ್ಕೆ ಸ್ಟೀರಿಂಗೇ ಇಲ್ಲ, ಎರಡು ಹಿಡಿಕೆ! ನಿಂತ ಜಾಗದಲ್ಲೇ ಗಿರ್ರನೆ ತಿರುಗಿತು. ಹೇಗೆ ಅಂದರೆ, ಒಂದು ಪಟ್ಟಿ ಮುಂದಕ್ಕೆ, ಇನ್ನೊಂದು ಹಿಂದಕ್ಕೆ. ಅಂಗಡಿಯವ ಮತ್ತೆ ಮತ್ತೆ ತಿರುಗಿಸಿ ತೋರಿಸಿದ. ಹತ್ತುವ ಬಾಗಿಲು ಎಲ್ಲಿ ಅಂದರೆ ಮಣ್ಣೆತ್ತುವ ಬಕೆಟ್ ದಾಟಿ ಮುಂದಿನಿಂದಲೇ! ಸೀರೆ ಎತ್ತಿ ಕಟ್ಟಿ ಹತ್ತಿಯೇ ಬಿಟ್ಟೆ.

"ಗಿಡದಿಂದ ಗಿಡಕ್ಕ ಎಷ್ಟ ಅಂತರ ಐತ್ರಿ ಅಕ್ಕಾರ?" ಅಂಗಡಿಯವ ಕೇಳಿದ.

"ಒಂದ್ ಮಾರು" ಎಂದಳು ಅಕ್ಕ.

ಅವನು ಲೋಡರಿನ ಮುಂದೆ ನಿಂತು ಎರಡೂ ಕೈ ಚಾಚಿದ. "ಆರಾಮ ಹೋಗತೈತ್ರಿ!"

ಅವನು ಬಾಗಿಲಿಗೆ ತಲೆ ತಗ್ಗಿಸಿ ಬರುವ ಆಳು. ಅಕ್ಕ ನನ್ನ ಭುಜಕ್ಕೆ ಬಂದರೆ ಹೆಚ್ಚು. ನನ್ನ ಕೊರಳಲ್ಲಿ ಹೊಲಿಗೆಯ ಟೇಪು ನೇತಾಡುತ್ತಲೇ ಇತ್ತು, ಒಬ್ಬರಿಗೂ ಹೊಳೆಯಲಿಲ್ಲ.

ತೋಪಿನಲ್ಲಿ ಓಡಿಸಿ ತೋರಿಸಲು ಲೋಡರ್ ಬಂದಾಗ ಮೊದಲ ಸಾಲಿನಲ್ಲೇ ಎರಡು ಬೊಡ್ಡೆಗಳ ನಡುವೆ ಮೂಗು ತೂರಿಸಿ ನಿಂತುಬಿಟ್ಟಿತು. ಅಕ್ಕನ ಮಾರು ಅಕ್ಕನಷ್ಟೇ ಉದ್ದ! ಮೇಲಾಗಿ ಗಿಡಗಳೂ ಮೈ ತುಂಬಿಕೊಂಡಿದ್ದವು.

"ಒಂದ್ ಸಾಲು ಕಡದ್ರ ಹೋಗತೈತ್ರಿ" ಎಂದ ಅಂಗಡಿಯವ. ಅಕ್ಕ ತಲೆಯಾಡಿಸಿ ಬೇಡವೆಂದಳು.

ಭಾವ ನಕ್ಕರು. "ನಿನ್ನ ಮಾರು ಆತು. ಇನ್ ನನ್ನ ಮಾರು ಕೇಳು."

ನನಗೂ ನಗು ಬಂತು, ಅಕ್ಕನ ಮುಖ ನೋಡಿ ನುಂಗಿಕೊಂಡೆ. ಅವಳ ಕಣ್ಣು ತುಂಬಿದ್ದವು.

ಮುಂದಿನ ವಾರ ಸಪೂರ ಟ್ರ್ಯಾಕ್ಟರ್ ಬಂತು. ಅಕ್ಕನೇ ಹತ್ತಿ ಕುಂತಳು. ಸಲೀಸಾಗಿ ಒಳಗೆ ಹೋಯಿತು, ಆದರೆ ಉದ್ದನೆಯ ದಿಮ್ಮಿಗೆ ಸರಪಳಿ ಬಿಗಿದು ಎಳೆದರೆ ಮುಂದಿನ ಗಾಲಿಗಳು ನೆಲ ಬಿಟ್ಟು ಎದ್ದವು. ಎಳೆಯುವುದು ಒಳಗೆ ಹೋಗದು, ಒಳಗೆ ಹೋಗುವುದು ಎಳೆಯದು. ಹಲ್ಲಿದ್ದರೆ ಕಡಲೆಯಿಲ್ಲ, ಕಡಲೆಯಿದ್ದರೆ ಹಲ್ಲಿಲ್ಲ.

ಅಕ್ಕ ಇಳಿದು ದಿಮ್ಮಿಯ ಸುತ್ತ ತಿರುಗಿದಳು. "ಇದನ್ನ ತುಂಡ ಮಾಡಸ್ರಿ."

"ತುಂಡ ಮಾಡಿದ್ರ ಬೆಲಿ ಬೀಳತೈತಿ, ಗೊತ್ತೈತಿಲ್ಲ?" ಎಂದರು ಭಾವ.

"ಬಿದ್ದದ್ದರ ಬೆಲಿ ಬೀಳ್ಲಿ ಬಿಡ್ರಿ. ನಿಂತಾವಲ್ಲ, ಅವು ನಿಲ್ಲಬೇಕು."

ಗರಗಸ ಓಡಿತು. ಅಕ್ಕ ಒಂದೊಂದೇ ತುಂಡನ್ನು ಎಳೆದು ತಂದಳು. ನಿಂತ ಗಿಡಗಳಿಗೆ ಒಂದು ಗೀರೂ ಬೀಳಲಿಲ್ಲ. ಭಾವ ಬದುವಿನ ಮೇಲೆ ಕೈಕಟ್ಟಿ ನೋಡುತ್ತಿದ್ದಾಗ ಅವರ ಫೋನ್ ಹೊಡೆದುಕೊಂಡಿತು. ಕಟ್ಟಿಗೆ ವ್ಯಾಪಾರಿ, ಯಾವಾಗ ಕಡಿಯಲು ಬರಲಿ ಎಂದು ಕೇಳಿದ. ಭಾವ ನಿಂತ ಗಿಡಗಳತ್ತ ಒಮ್ಮೆ ನೋಡಿದರು.

"ಗಿಡ ನನ್ನವಲ್ರಿ" ಎಂದರು. "ನಮ್ಮ ಮನಿಯಾಕಿವು. ಆಕೀನ್ನ ಕೇಳ್ರಿ."

ಫೋನನ್ನು ಅಕ್ಕನತ್ತ ಚಾಚಿದರು. ಅಕ್ಕ ಗಾಡಿ ನಿಲ್ಲಿಸಲೇ ಇಲ್ಲ.