ಅಯ್ಯನವರ ತಾಟಿಗೆ ಬಂದ ರೊಟ್ಟಿ

ನಾನು ಎರಡನೆಯ ಹೋಳಿಗೆ ಬಡಿಸಲು ಬಗ್ಗಿದಾಗ ಹದಿನಾರು ವರ್ಷದ ಅಯ್ಯನವರು ತಾಟಿಗೆ ಕೈ ಅಡ್ಡ ಹಿಡಿದರು. ಶ್ರಾವಣ ಸೋಮವಾರ ಉಮರ್ಗಾದ ನಮ್ಮ ಓಣಿಯಲ್ಲಿ ಮನೆಮನೆಯಲ್ಲೂ ಜಂಗಮರಿಗೆ ಊಟ. ಈ ವರ್ಷ ತಮ್ಮ ತಂದೆಯ ಬದಲು ಈ ಅಯ್ಯನವರೇ ಬರುತ್ತಿದ್ದರು. ಮೈ ಭಾರ, ನಮ್ಮ ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲೇ ಏದುಸಿರು. ಆದರೆ ಜಂಗಮರು ಬೇಡವೆಂದರೆ ಮನೆಯವರಿಂದ ಏನೋ ತಪ್ಪಾಗಿದೆ ಎಂದೇ ಲೆಕ್ಕ. ನಾನು ಗಾಬರಿಯಿಂದ ಅತ್ತೆಯ ಮುಖ ನೋಡಿದೆ.

"ಡಾಕ್ಟರು ತೂಕ ಇಳಿಸು ಅಂದಾರ್ರಿ, ಆಯಿ. ಬ್ಯಾಡ ಅಂದ್ರ ಎಲ್ಲಾರೂ ಮನಸ್ಸಿಗಿ ಹಚ್ಕೋತಾರ," ಎಂದರು ಅವರು, ತಲೆ ತಗ್ಗಿಸಿ.

ಅತ್ತೆ ಎದ್ದುಹೋಗಿ, ನಮಗೆಂದು ಮಾಡಿಟ್ಟಿದ್ದ ಜೋಳದ ರೊಟ್ಟಿ, ಮೆಂತ್ಯ ಪಲ್ಯ ತಂದು ಬಡಿಸಿದರು. "ರೊಟ್ಟಿ ಉಂಡ್ರೂ ಅದು ಪ್ರಸಾದೇ ರೀ, ಅಯ್ನೋರ. ಮುಂದಿನ ಮನಿಗಿ ನಾನೇ ಬಂದು ಹೇಳ್ತೀನಿ, ನಡೀರಿ."

ಮೊಣಕಾಲು ನೋವೆಂದು ಹೊಸ್ತಿಲು ದಾಟದಿದ್ದ ಅತ್ತೆ ಅಂದು ಮನೆಮನೆಗೂ ಹೇಳುತ್ತ, ಅವರ ಜೊತೆ ಓಣಿಯ ತುದಿಯವರೆಗೂ ನಡೆದರು.

ಶ್ರಾವಣ ಮುಗಿದಿದೆ. ಅಯ್ಯನವರು ಈಗ ದಿನಾ ಸಂಜೆ ನಡೆಯಲು ಹೊರಡುತ್ತಾರೆ. ಅವರು ನಮ್ಮ ಬಾಗಿಲಿಗೆ ಬರುವ ಮೊದಲೇ ಅತ್ತೆ ಚಪ್ಪಲಿ ಮೆಟ್ಟಿಕೊಂಡು ಕಟ್ಟೆಯ ಮೇಲೆ ಕುಳಿತಿರುತ್ತಾರೆ.